ಉಗುರು ಇಳಿಯದಿದ್ದರೆ ಬೇಡ: ನಮ್ಮ ನಾಯಿ ಗುಂಡಿಗೆ ತಂದ ಚ್ಯೂಗಳ ಲೆಕ್ಕ

ನಾನು ಹಲ್ಲು ಮಾಡುವವನು. ಡಾಕ್ಟರಲ್ಲ, ಲ್ಯಾಬ್‌ನವನು. ಡೆಂಟಿಸ್ಟ್‌ಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಪ್ಲಾಸ್ಟರ್ ಅಚ್ಚು ಹೊಯ್ದು, ಅದರ ಮೇಲೆ ಕ್ಯಾಪು, ಬ್ರಿಡ್ಜು ಮಾಡಿಕೊಡುತ್ತೇನೆ. ದಾವಣಗೆರೆ ಎರಡು ಡೆಂಟಲ್ ಕಾಲೇಜು ಇರುವ ಊರು, ನನ್ನಂಥವರಿಗೆ ಕೆಲಸಕ್ಕೆ ಬರವಿಲ್ಲ. 22 ವರ್ಷದಿಂದ ಬೇರೆಯವರ ಹಲ್ಲು ನೋಡಿಕೊಂಡೇ ಸಂಸಾರ ತೂಗಿಸಿದವನ ಮನೆಯಲ್ಲಿ ನಾಯಿ ಹಲ್ಲು ಮುರಿದುಕೊಂಡಿತು. ಅದೂ ನಾನೇ 180 ರೂಪಾಯಿ ಎಣಿಸಿ ಕೊಟ್ಟು ತಂದ ಸಾಮಾನಿನಿಂದ.

ನಾಯಿಯ ಹೆಸರು ಗುಂಡಿ. ಮಳೆಗಾಲದಲ್ಲಿ ಗುಂಡಿ ಸರ್ಕಲ್ ಹತ್ತಿರ ಮಗಳಿಗೆ ಸಿಕ್ಕ ಮರಿ, ಅದಕ್ಕೇ ಆ ಹೆಸರು. ಬಣ್ಣವೂ ಹಳೇ ಕೋಟಿನ ಗುಂಡಿಯ ಹಾಗೆ ಕಂದು. ಈಗ ನಾಲ್ಕು ವರ್ಷ, 14 ಕೆಜಿ ತೂಕ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಜಾತಿ ಕೇಳುವವರಿಗೆ ನಾನು ‘ದಾವಣಗೆರೆ ಬೀದಿ’ ಅಂತಲೇ ಹೇಳುತ್ತೇನೆ. ತುಂಬ ಸಾಧು. ಆದರೆ ಕಡಿಯುವ ಚಟ ಹೇಳತೀರದು. ಹವಾಯಿ ಚಪ್ಪಲಿ ಮೂರು ಜೊತೆ, ಟಿವಿ ರಿಮೋಟಿನ ರಬ್ಬರ್ ಬಟನ್, ನನ್ನ ಲ್ಯಾಬ್‌ನ ಒಂದು ಮೇಣದ ಹಲಗೆ, ಇಷ್ಟು ಮೊದಲ ವರ್ಷದಲ್ಲೇ ಮುಗಿದವು. ಅದಕ್ಕೇ ಚ್ಯೂ, ಅಂದರೆ ನಾಯಿ ಕಡಿಯಲಿ ಅಂತಲೇ ಮಾರುವ ಸಾಮಾನು, ಹುಡುಕಿಕೊಂಡು ಅಂಗಡಿಗೆ ಹೋದದ್ದು.

ಅಂಗಡಿಯ ಹೆಸರು ಹೇಳುವುದಿಲ್ಲ. ಇಲ್ಲಿ ಹೊಗಳಿಕೆಯೂ ಇದೆ, ಬೈಗುಳವೂ ಇದೆ, ಮತ್ತೆ ನಾನು ನಾಳೆಯೂ ಅಲ್ಲಿಗೇ ಹೋಗಬೇಕು. ಗುರುತು ಬೇಕಿದ್ದರೆ ಇಷ್ಟು: ಮುಂದೆ ಮೀನಿನ ತೊಟ್ಟಿಗಳು, ಬುಳುಬುಳು ಸದ್ದು. ಬಾಗಿಲ ಪಕ್ಕ ಬಾಯಿ ಬಿಚ್ಚಿದ ಒಂದು ಬಿಸ್ಕೆಟ್ ಮೂಟೆ. ಒಳಗಡೆ ಗೋಡೆ ತುಂಬ ನಾಯಿ ತಿಂಡಿ. ಕೌಂಟರಿನಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ವರ್ಷ ಇರಬಹುದು. ಒಳ್ಳೆಯವನು, ಮಾತುಗಾರ.

ಆ ದಿನ ಅವನು ಕೈಗೆ ಕೊಟ್ಟದ್ದು ಒಣಗಿಸಿದ ದನದ ಗೊರಸು. “ಇದು ತಗಂಡ್ ಹೋಗ್ರಿ ಅಣ್ಣಾ, ಎರಡು ತಿಂಗಳಾದ್ರೂ ಸವೆಯಂಗಿಲ್ಲ” ಅಂದ. ನಾನು ಮೇಜಿಗೆ ಕುಟ್ಟಿ ನೋಡಿದೆ. ಟಣ್ ಅಂತು. ಖುಷಿಯಾಯಿತು! ನಾವು ಪ್ಲಾಸ್ಟಿಕ್ ಬಕೆಟ್ ಕೊಂಡರೂ ಬೆರಳಲ್ಲಿ ಬಡಿದು ನೋಡಿ, ಎಷ್ಟು ವರ್ಷ ಬಾಳಿಕೆ ಅಂತ ಕೇಳುವ ಜನ. ನಾಯಿಯ ಚ್ಯೂ ಕೂಡ ಬಾಳಿಕೆ ಬರಬೇಕು ಅಂದುಕೊಂಡದ್ದೇ ನನ್ನ ತಪ್ಪು. ಚ್ಯೂ ಸವೆಯಲೇಬೇಕು. ಅದು ಸವೆಯದಿದ್ದರೆ ಹಲ್ಲು ಸವೆಯುತ್ತದೆ. ಹಲ್ಲಿನವನಾಗಿ ನನಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವೇ ಅಲ್ಲ.

ಮೂರನೇ ರಾತ್ರಿ ವರಾಂಡದಿಂದ ‘ಟಕ್’ ಅಂತ ಸದ್ದು ಬಂತು. ಅಡಕತ್ತರಿಯಲ್ಲಿ ಗೋಟಡಿಕೆ ಒಡೆದ ಸದ್ದು, ಅಷ್ಟೇ. ಗುಂಡಿ ಕುಂಯ್ ಅನ್ನಲಿಲ್ಲ. ಗೊರಸು ಕೆಳಗೆ ಬಿಟ್ಟು ತುಟಿ ನೆಕ್ಕಿಕೊಂಡಿತು, ಮತ್ತೆ ಎತ್ತಿಕೊಂಡು ಬಲಗಡೆ ಹಲ್ಲಿನಿಂದ ಕಡಿಯತೊಡಗಿತು. ಆಮೇಲೆ ಒಂಬತ್ತು ದಿನ ಬರೀ ಬಲಗಡೆಯಿಂದಲೇ ತಿಂದಿತು. ಪ್ಲಾಸ್ಟರ್ ಅಚ್ಚು ನೋಡಿ ಮನುಷ್ಯ ಯಾವ ಕಡೆಯಿಂದ ಜಾಸ್ತಿ ಅಗಿಯುತ್ತಾನೆ ಅಂತ ಹೇಳಬಲ್ಲ ನಾನು, ಎದುರಿಗೇ ಕೂತ ನಾಯಿಯನ್ನು ಗಮನಿಸಲಿಲ್ಲ. ಸ್ನಾನ ಮಾಡಿಸುವಾಗ ತುಟಿ ಎತ್ತಿದೆ. ಎಡಗಡೆ ಮೇಲಿನ ದೊಡ್ಡ ಹಲ್ಲಿನ ಹೊರಮೈ ಹೆಂಚು ಸೀಳಿದ ಹಾಗೆ ಎದ್ದು ಹೋಗಿತ್ತು. ನಡುವೆ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ. ಆ ಚುಕ್ಕೆ ಏನು ಅಂತ ನನಗೆ ಗೊತ್ತು. ಹಲ್ಲಿನ ಜೀವ ಹೊರಗೆ ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. ದೊಡ್ಡ ನಾಯಿಗೆ 42 ಹಲ್ಲು. ಕೋರೆಹಲ್ಲು ನೋಡಿ ನಾವು ಹೆದರುತ್ತೇವೆ, ಆದರೆ ನಿಜವಾದ ಕೆಲಸಗಾರ ಅದಲ್ಲ. ಮೇಲಿನ ದವಡೆಯಲ್ಲಿ ಎರಡೂ ಬದಿಗೆ ಇರುವ ನಾಲ್ಕನೇ ಪ್ರೀಮೋಲಾರ್ (ಗುಂಡಿಗೆ ಮುರಿದ ದೊಡ್ಡ ಹಲ್ಲು ಇದೇ) ಮತ್ತು ಕೆಳಗಿನ ಮೊದಲ ಮೋಲಾರ್, ಅಂದರೆ ದವಡೆ ಹಲ್ಲು, ಸೇರಿ ಅಡಕತ್ತರಿಯ ಹಾಗೆ ಒಂದರ ಪಕ್ಕ ಒಂದು ಜಾರುತ್ತವೆ. ಮಾಂಸ ಕತ್ತರಿಸಲು ಮಾಡಿದ ಹಲ್ಲು ಅವು, ಕಲ್ಲು ಒಡೆಯಲು ಅಲ್ಲ. ನಮ್ಮ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಮೇಲ್ಭಾಗದಲ್ಲಿ 2 ಮಿಲಿಮೀಟರ್ ದಾಟುವುದುಂಟು. ನಾಯಿಯದು 1 ಮಿಲಿಮೀಟರ್ ಕೂಡ ಇರುವುದಿಲ್ಲ. ಅಷ್ಟು ತೆಳ್ಳಗಿನ ಗಾಜಿನ ಮೇಲೆ ನಮಗಿಂತ ಎಷ್ಟೋ ಜೋರಾದ ದವಡೆಯ ಒತ್ತು ಬಿದ್ದರೆ ಏನಾಗುತ್ತದೆ? ಚನ್ನಗಿರಿ ಕಡೆಯಿಂದ ಬರುವ ಎಷ್ಟೋ ಕ್ಯಾಪ್ ಕೇಸುಗಳು ಗಟ್ಟಿ ಅಡಿಕೆ ಕಡಿದು ಸೀಳಿದ ಹಲ್ಲುಗಳೇ. ಗುಂಡಿಯದೂ ಅದೇ ಕೇಸು.

ಪಶುವೈದ್ಯರು ಎಕ್ಸ್‌ರೇ ನೋಡಿ ಎರಡು ದಾರಿ ಹೇಳಿದರು. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಬಹುದು, ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಇಲ್ಲಾಂದ್ರೆ ಇಲ್ಲೇ ಕೀಳಿಸಬೇಕು. ಮುರಿದದ್ದನ್ನು ಹಾಗೇ ಬಿಟ್ಟರೆ ಬೇರಿಗೆ ಕೀವಾಗಿ ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ. ಆ ಹಲ್ಲಿಗೆ ಮೂರು ಬೇರು, ಹಾಗಾಗಿ ಪೂರ್ತಿ ಅರಿವಳಿಕೆ ಕೊಟ್ಟು, ಹಲ್ಲನ್ನು ಮೂರು ಭಾಗ ಮಾಡಿ ತೆಗೆದರು. ಔಷಧಿ ಎಲ್ಲ ಸೇರಿ 6,800 ರೂಪಾಯಿ. ಲ್ಯಾಬ್‌ನಲ್ಲಿ ಗೆಳೆಯರು, “ನೀನೇ ಒಂದು ಮೆಟಲ್ ಕ್ಯಾಪ್ ಎರಕ ಹೊಯ್ಯಬಹುದಿತ್ತಲ್ಲೋ” ಅಂತ ಛೇಡಿಸಿದರು. ಪೊಲೀಸ್ ನಾಯಿಗಳಿಗೆ, ಕೆಲಸದ ನಾಯಿಗಳಿಗೆ ಅಂಥ ಕ್ಯಾಪ್ ಹಾಕುವುದು ನಿಜ. ಗುಂಡಿಯ ಕೆಲಸ ಏನು? ಹಾಲಿನವನಿಗೆ ಬೊಗಳುವುದು.

ಅಲ್ಲಿಂದ ಆ ಗೋಡೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಹತ್ತು ತಿಂಗಳಲ್ಲಿ ಅಲ್ಲಿದ್ದ ಬಹುಪಾಲು ಸಾಮಾನು ತಂದು, ನೆನೆಸಿ, ಕತ್ತರಿಸಿ, ಗೇಜಿನಲ್ಲಿ ಅಳೆದು ನೋಡಿದ್ದೇನೆ. ಮೊದಲ ಪರೀಕ್ಷೆ ಅಂಗಡಿಯಲ್ಲೇ ಆಗಬೇಕು: ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಿದ್ದರೆ ವಾಪಸ್. ಪಾಕೆಟ್ ಸೀಲ್ ಆಗಿದ್ದರೆ ಇನ್ನೊಂದು ಉಪಾಯ ಇದೆ. ‘ಇದನ್ನು ನನ್ನ ಮೊಣಕಾಲ ಚಿಪ್ಪಿಗೆ ಜೋರಾಗಿ ಬಡಿದರೆ ನಾನು ಅಯ್ಯೋ ಅನ್ನುತ್ತೇನಾ’ ಅಂತ ಕೇಳಿಕೊಳ್ಳಿ. ಅನ್ನುತ್ತೀರಾದರೆ ಅದು ನಾಯಿಯ ಹಲ್ಲಿಗೂ ಬೇಡ. ಇವೆರಡೂ ನಾನು ಕಂಡುಹಿಡಿದದ್ದಲ್ಲ, ನಾಯಿ ಹಲ್ಲಿನ ಡಾಕ್ಟರುಗಳು ಬಹಳ ದಿನದಿಂದ ಹೇಳುತ್ತ ಬಂದದ್ದು. ಇದರಲ್ಲಿ ಗೊರಸು, ಕೊಂಬು, ಜಿಂಕೆಕೊಂಬು ಅಂತ ಮಾರುವ ವಿದೇಶಿ ಸಾಮಾನು, ಗಟ್ಟಿ ನೈಲಾನ್ ಮೂಳೆ ಎಲ್ಲ ಒಂದೇ ಏಟಿಗೆ ಹೊರಗೆ ಹೋದವು.

ಇನ್ನು ಬಿಳೀ ಗಂಟು ಮೂಳೆ. ಎರಡು ತುದಿಗೆ ಗಂಟು ಹಾಕಿದ, ಮೂಳೆಯ ಹಾಗೆ ಕಾಣುವ ಚರ್ಮ. ನಾಯಿ ಸಾಕಿದ ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಅದು ಮೂಳೆಯಲ್ಲ, ದನ ಎಮ್ಮೆಗಳ ಚರ್ಮದ ಒಳಪದರ. ಮೇಲಿನ ಪದರ ಚಪ್ಪಲಿ, ಬ್ಯಾಗಿಗೆ ಹೋಗುತ್ತದೆ, ಉಳಿದದ್ದು ಇಲ್ಲಿಗೆ ಬರುತ್ತದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಬೆಳ್ಳಗೆ ಕಾಣಲಿ ಅಂತ ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದೂ ಉಂಟು. ನಮ್ಮ ಡೆಂಟಿಸ್ಟ್‌ಗಳು ಹಲ್ಲು ಬಿಳಿ ಮಾಡಲು ಹಚ್ಚುವುದೂ ಅದನ್ನೇ, ಆದರೆ ಅವರು ನುಂಗಿಸುವುದಿಲ್ಲ.

ನಾನು ಒಂದು ಗಂಟನ್ನು ಅಡ್ಡಡ್ಡ ಅಳೆದೆ: 19 ಮಿಲಿಮೀಟರ್. ಸ್ಟೀಲ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಲೋಟದಿಂದ ಹೊರಗೆ ಬರಲೇ ಇಲ್ಲ. ಲೋಟ ತಲೆಕೆಳಗು ಮಾಡಿ ತಳಕ್ಕೆ ಬಡಿದೆ, ಆಗ ಪಚ್ ಅಂತ ಜಾರಿತು. 33 ಮಿಲಿಮೀಟರ್. ಬಿಳೀ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಜಾರುತ್ತ, ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತಿದ್ದವು. ಹಸೀ ಸುಣ್ಣದ ವಾಸನೆ. ಹಲ್ಲುಜ್ಜುತ್ತ ನಿಂತಿದ್ದ ಮಗಳು ಅಲ್ಲಿಂದ ಓಡಿಹೋದಳು. ಈಗ ಯೋಚಿಸಿ. ನಾಯಿ ಇದನ್ನು ಕಡಿಯುತ್ತ ಕೊನೆಗೆ ಉಳಿದ ಗಂಟನ್ನು ಗುಳುಂ ಅಂತ ನುಂಗಿದರೆ, ಆ 33 ಮಿಲಿಮೀಟರ್ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಚರ್ಮ ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಸಿಕ್ಕಿಕೊಂಡದ್ದನ್ನು ಹೊಟ್ಟೆ ಕೊಯ್ದೇ ತೆಗೆಯಬೇಕಾಗಬಹುದು. ನಿಧಾನಕ್ಕೆ, ನೆಕ್ಕಿ ನೆಕ್ಕಿ ತಿನ್ನುವ ನಾಯಿಗಳಿಗೆ ಇದರಿಂದ ಏನೂ ಆಗದೆ ಇರಬಹುದು. ಗುಂಡಿ ಅಂಥ ಸಮಾಧಾನದ ಪೈಕಿಯಲ್ಲ.

ಅದೇ ಚರ್ಮದ ಪುಡಿಯನ್ನು ಒತ್ತಿ ಮಾಡಿದ ಪೆನ್ಸಿಲ್ ದಪ್ಪದ ಬಣ್ಣಬಣ್ಣದ ಕಡ್ಡಿಗಳೂ ಸಿಗುತ್ತವೆ. ಕಟ್ಟುಗಟ್ಟಲೆ, ಅಗ್ಗ. ಕೆಂಪು ಕಡ್ಡಿ ತಿಂದ ಗುಂಡಿ ನಮ್ಮ ವರಾಂಡದ ಟೈಲ್ಸ್ ಮೇಲೆ ಜೊಲ್ಲು ಸುರಿಸಿತು. ಅವ್ವ ರಕ್ತ ಅಂತ ಕೂಗಿಕೊಂಡಳು. ನಾಯಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದೇ ಇಲ್ಲ. ಆ ಬಣ್ಣ ಯಾರಿಗೋಸ್ಕರ? ದುಡ್ಡು ಕೊಡುವವರಿಗೆ.

ಬಾಗಿಲ ಪಕ್ಕದ ಮೂಟೆಗೂ ಇದೇ ಮಾತು. ಮೂಳೆಯಾಕಾರದ ಬಿಸ್ಕೆಟ್, ಮೂರು ಬಣ್ಣ, ತೂಕದ ಲೆಕ್ಕ. ತಯಾರಾದ ದಿನ ಇಲ್ಲ, ಏನು ಹಾಕಿದ್ದಾರೆ ಅನ್ನುವುದಿಲ್ಲ, ಯಾರು ಮಾಡಿದರು ಅನ್ನುವುದೂ ಇಲ್ಲ. ಮಳೆಗಾಲದಲ್ಲಿ ಅರ್ಧ ಕೆಜಿ ತಂದಿದ್ದೆ. ಮುರಿದರೆ ಟಪ್ ಅನ್ನದೆ ಹಪ್ಪಳ ಮೆತ್ತಗಾದ ಹಾಗೆ ಬಾಗಿತು, ಒಳಗೆ ಮುಗ್ಗಲು ವಾಸನೆ. ಹುಡುಗನಿಗೆ ತೋರಿಸಿದೆ. “ಬೀದಿ ನಾಯಿಗೆ ಹಾಕೋರು ತಗಂಡ್ ಹೋಗ್ತಾರಣ್ಣಾ” ಅಂದ. ಬೀದಿ ನಾಯಿಗೆ ಬೇರೆ ಲಿವರ್ ಇರುತ್ತಾ ಅಂತ ಕೇಳಿದೆ. ನಕ್ಕ. ನಾನು ನಗಲಿಲ್ಲ.

ಮುಗ್ಗಲನ್ನು ನಾನು ಸುಮ್ನೆ ದೊಡ್ಡದು ಮಾಡುತ್ತಿಲ್ಲ. ಚಳ್ಳಕೆರೆ ಹತ್ತಿರ ನಮ್ಮ ಭಾವನ ಹೊಲ ಇದೆ. ಶೇಂಗಾ ಬಂದ ವರ್ಷ ಒಂದು ಚೀಲ ನಮ್ಮ ಮನೆಗೆ ಬರುತ್ತದೆ. ಸರಿಯಾಗಿ ಒಣಗದ ಶೇಂಗಾಕ್ಕೆ, ಮೆಕ್ಕೆಜೋಳಕ್ಕೆ ಹಿಡಿಯುವ ಒಂದು ಜಾತಿ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ನಾಯಿಯ ಲಿವರ್ ಅದನ್ನು ತಡೆಯುವುದಿಲ್ಲ. ಗುಂಡಿಗೆ ಹುರಿದ ಶೇಂಗಾ ಅರೆದು ಬೆಣ್ಣೆ ಮಾಡುವಾಗ ನಾನು ಕಾಳು ಕಾಳು ಆರಿಸುತ್ತೇನೆ. ಸುಕ್ಕಾದದ್ದು, ಕಪ್ಪಾದದ್ದು, ಮೊಳಕೆ ಒಡೆದದ್ದು ಕಸಕ್ಕೆ. ಉಪ್ಪು ಇಲ್ಲ, ಬೆಲ್ಲ ಇಲ್ಲ.

ಅಂಗಡಿಯ ಪೀನಟ್ ಬಟರ್ ಯಾಕಲ್ಲ? ತರಬಹುದು, ಆದರೆ ಡಬ್ಬಿಯ ಹಿಂದೆ ಓದಬೇಕು. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ್ದರೆ ನಾಯಿಗೆ ಅದು ವಿಷ. ನಮ್ಮ ಕಸುಬಿನಲ್ಲಿ ಕ್ಸೈಲಿಟಾಲ್‌ಗೆ ಒಳ್ಳೇ ಹೆಸರಿದೆ, ಹುಳುಕು ತಡೆಯುತ್ತದೆ ಅಂತ ಡೆಂಟಿಸ್ಟ್‌ಗಳೇ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಅಗಿಯಲು ಹೇಳುತ್ತಾರೆ. ಮನುಷ್ಯನ ಹಲ್ಲಿಗೆ ಒಳ್ಳೆಯದಾದ ಅದೇ ಪುಡಿ ನಾಯಿಯ ಹೊಟ್ಟೆಗೆ ಹೋದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಇನ್ಸುಲಿನ್ ಒಮ್ಮೆಗೇ ನುಗ್ಗಿ, ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳಬಹುದು. ಜಾಸ್ತಿ ಹೋದರೆ ಲಿವರ್ ಕೆಡುತ್ತದೆ. ನನ್ನ ಬ್ಯಾಗಿನಲ್ಲಿ ಸದಾ ಅಂಥ ಸ್ಯಾಂಪಲ್ ಪಾಕೆಟ್ ಇರುತ್ತಿತ್ತು, ಬ್ಯಾಗು ನೆಲದ ಮೇಲೇ ಇರುತ್ತಿತ್ತು. ಈಗ ಗೂಟಕ್ಕೆ ನೇತು ಹಾಕುತ್ತೇನೆ. ಕೆಲವು ಲೇಬಲ್‌ನಲ್ಲಿ ಹೆಸರಿನ ಬದಲು ಇ 967 ಅಂತ ಮಾತ್ರ ಇರುತ್ತದೆ, ಅದೂ ಇದೇ.

ಚುರ್ಪಿಯ ಕಥೆ ಚೆನ್ನಾಗಿದೆ. ನೇಪಾಳ, ಸಿಕ್ಕಿಂ ಕಡೆ ಯಾಕ್ ಮತ್ತು ಹಸುವಿನ ಹಾಲಿನಿಂದ ಮಾಡಿ ಒಣಗಿಸುವ ಕಲ್ಲಿನಂಥ ಚೀಸ್ ಅದು. ಅಲ್ಲಿನ ಜನ ದಾರಿ ನಡೆಯುತ್ತ ಬಾಯಲ್ಲಿಟ್ಟುಕೊಂಡು ಚೀಪುತ್ತಾರೆ. ಅದೇ ಈಗ ನಾಯಿ ಚ್ಯೂ ಆಗಿ ದಾವಣಗೆರೆವರೆಗೂ ಬಂದಿದೆ. ಹಾಲು, ಉಪ್ಪು, ನಿಂಬೆರಸ, ಇಷ್ಟೇ ಸಾಮಗ್ರಿ ಅಂತ ಪಾಕೆಟ್ ಮೇಲಿದೆ, ನನಗೆ ಇಷ್ಟವಾಯಿತು. ಆದರೆ ಉಗುರು? ಉಗುರೇ ಮುರಿಯಿತು. ಗೊರಸಿನಷ್ಟೇ ಗಟ್ಟಿ. 350 ರೂಪಾಯಿ ನೀರಿಗೆ ಹೋಯಿತಲ್ಲ ಅಂತ ಕೂತಿದ್ದಾಗ ಮಗಳು ಫೋನಿನಲ್ಲಿ ನೋಡಿ, “ಅಪ್ಪಾ, ಇದನ್ನ ಮೈಕ್ರೋವೇವ್‌ನಲ್ಲಿ ಇಟ್ರೆ ಉಬ್ಬುತ್ತಂತೆ” ಅಂದಳು. ಲ್ಯಾಬ್‌ಗೆ ಒಯ್ದು ಕತ್ತರಿಸುವ ಡಿಸ್ಕ್‌ನಿಂದ ಅಡಿಕೆ ಹೋಳಿನಷ್ಟು ತುಂಡು ಮಾಡಿದೆ. ಐದು ನಿಮಿಷ ನೀರಿನಲ್ಲಿಟ್ಟು, ನಲವತ್ತು ಸೆಕೆಂಡು ಮೈಕ್ರೋವೇವ್. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೂಲೆ ಉಬ್ಬಿತು, ಪುಸ್ ಅಂತು, ಇಡೀ ತುಂಡು ಹೊರಳಿ ಹಿಗ್ಗಿ ಹಳದಿ ಬಣ್ಣಕ್ಕೆ ತಿರುಗಿತು. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವುದನ್ನು ನೋಡಿದವರಿಗೆ ಬೇರೆ ವಿವರ ಬೇಡ. ಪೂರ್ತಿ ಆರಿದ ಮೇಲೆ ಉಗುರು ಒತ್ತಿದೆ, ಕರಕ್ ಅಂತ ಒಳಗೆ ಹೋಯಿತು. ಬಿಸಿಯಾಗಿದ್ದಾಗ ಕೊಡಬೇಡಿ, ಒಳಗಿನ ಗಾಳಿ ಬಾಯಿ ಸುಡುತ್ತದೆ. ಈಗ ಅಂಗಡಿ ಹುಡುಗ ಮುರಿದ ಚುರ್ಪಿ ಚೂರುಗಳನ್ನು ನನಗೋಸ್ಕರ ಎತ್ತಿಟ್ಟು ಅರ್ಧ ಬೆಲೆಗೆ ಕೊಡುತ್ತಾನೆ. ಇಡೀ ಚುರ್ಪಿ ನಾನು ಯಾರಿಗೂ ಹೇಳುವುದಿಲ್ಲ. ಅರಳಿಸಿದ ಚೂರಿಗೆ ಪೂರ್ತಿ ಅಂಕ.

ಚಿಕನ್ ಜರ್ಕಿ, ಅಂದರೆ ಒಣಗಿಸಿದ ಕೋಳಿ ಮಾಂಸದ ಪಟ್ಟಿ, ಕಂಡರೆ ಗುಂಡಿ ಪ್ರಾಣ ಬಿಡುತ್ತದೆ. ಉಗುರಿಗೂ ಪಾಸು. ಆದರೆ ನಾನು ತರುವುದು ಸಾಮಗ್ರಿಯ ಸಾಲಿನಲ್ಲಿ ಕೋಳಿ ಅಂತ ಒಂದೇ ಹೆಸರು ಇರುವುದನ್ನು, ಯಾರು ಎಲ್ಲಿ ಮಾಡಿದರು ಅಂತ ಬರೆದಿರುವುದನ್ನು ಮಾತ್ರ. ಅಮೆರಿಕದಲ್ಲಿ 2007ರಿಂದ ಜರ್ಕಿ ತಿಂದ ನಾಯಿಗಳು ಕಾಯಿಲೆ ಬಿದ್ದ ದೂರುಗಳು ಅಲ್ಲಿನ ಆಹಾರ-ಔಷಧಿ ಇಲಾಖೆಯಾದ ಎಫ್‌ಡಿಎಗೆ ಸಾವಿರಗಟ್ಟಲೆ ಬಂದವು. ಹೆಚ್ಚಿನವು ಚೀನಾದಿಂದ ಬಂದ ಜರ್ಕಿ. ಕಿಡ್ನಿ ಕೆಟ್ಟು ಸತ್ತ ನಾಯಿಗಳೂ ಇದ್ದವು. ವರ್ಷಗಟ್ಟಲೆ ಪರೀಕ್ಷೆ ಮಾಡಿದರೂ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ಅವರಿಗೆ ಆಗಲಿಲ್ಲ. ಹಾಗಾಗಿ ಹೆಸರಿಲ್ಲದ ಪಾಕೆಟ್ ನಮ್ಮ ಮನೆಗೆ ಬರುವುದಿಲ್ಲ.

‘ಡೆಂಟಲ್’ ಅಂತ ಬರೆದ ಕಡ್ಡಿಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ, ಕಸುಬಿನ ಅಸೂಯೆ ಅಂದರೂ ಅನ್ನಿ. ಅಮೆರಿಕದಲ್ಲಿ ವಿಒಎಚ್‌ಸಿ ಅಂತ ಪಶು ದಂತವೈದ್ಯರ ಒಂದು ಮಂಡಳಿ 1997ರಿಂದ ಇದೆ. ಹಲ್ಲಿನ ಮೇಲಿನ ಪಾಚಿ, ಕಲ್ಲು ನಿಜವಾಗಿ ಕಮ್ಮಿ ಮಾಡುತ್ತದೆ ಅಂತ ಪರೀಕ್ಷೆಯ ಲೆಕ್ಕ ಕೊಟ್ಟ ಸಾಮಾನಿಗೆ ಅದು ಮುದ್ರೆ ಕೊಡುತ್ತದೆ. ನಾನು ನಮ್ಮ ಅಂಗಡಿಯಲ್ಲಿ ತಿರುಗಿಸಿ ನೋಡಿದ ಐದು ಪಾಕೆಟ್‌ಗಳಲ್ಲಿ ಒಂದರ ಮೇಲೂ ಆ ಮುದ್ರೆ ಇರಲಿಲ್ಲ. ಉಗುರು ಸಲೀಸಾಗಿ ಇಳಿಯುತ್ತದೆ, ಬಾಗುತ್ತದೆ, ಅಪಾಯ ಕಮ್ಮಿ. ಆದರೆ ಗುಂಡಿ ಒಂದು ಕಡ್ಡಿಯನ್ನು ನಾಲ್ಕೇ ಕಡಿತಕ್ಕೆ ಮುಗಿಸಿತು. ನಾಲ್ಕು ಕಡಿತಕ್ಕೆ ಯಾವ ಹಲ್ಲು ಶುಚಿಯಾದೀತು? ವಾರಕ್ಕೆ ಮೂರು ಸಲ ನಾಯಿ ಪೇಸ್ಟ್ ಹಾಕಿ ಉಜ್ಜುತ್ತೇನೆ, ಅದೇ ವಾಸಿ. ನಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಅದರಲ್ಲಿರುವ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ.

ದುಡ್ಡು ಕೊಟ್ಟದ್ದಕ್ಕೆ ಬೇಜಾರಾಗದ ಒಂದೇ ಸಾಮಾನು ಕಾಂಗ್ ಅನ್ನುವ ಕೆಂಪು ರಬ್ಬರ್ ಗೊಂಬೆ. ಒಂದರ ಮೇಲೊಂದು ಮೂರು ಉಂಡೆ ಕೂರಿಸಿದ ಹಾಗಿದೆ, ಒಳಗೆ ಟೊಳ್ಳು. ಇದರ ಹುಟ್ಟೂ ನಮ್ಮ ಗುಂಡಿಯಂಥ ಒಂದು ನಾಯಿಯಿಂದಲೇ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ಅನ್ನುವವರು ತಮ್ಮ ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಿದ್ದರು. ಕಲ್ಲು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿದ್ದ ಅವರ ಜರ್ಮನ್ ಶೆಫರ್ಡ್ ಫ್ರಿಟ್ಜ್, ಬಿಚ್ಚಿಟ್ಟ ಸಸ್ಪೆನ್ಷನ್ನಿನ ರಬ್ಬರ್ ತುಂಡನ್ನು ಎತ್ತಿಕೊಂಡು ಕಲ್ಲು ಮರೆಯಿತು. ಆ ಆಕಾರವೇ ಇದು. ನನಗೆ 900ಕ್ಕೆ ಚಿಲ್ಲರೆ ಬಿತ್ತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಈಗ ಅದರೊಳಗೆ ತುಂಬುವವಳು ಅವಳೇ. ತಣಿದ ರಾಗಿ ಮುದ್ದೆಯ ತುಂಡು, ಬೆಂದ ಮೊಟ್ಟೆ, ಬಾಯಿಗೆ ಒಂದು ಚಮಚ ಗಟ್ಟಿ ಮೊಸರು ಬಳಿದು ಫ್ರೀಜರಿಗೆ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಅದನ್ನು ಕೊಟ್ಟರೆ ಮುಕ್ಕಾಲು ಗಂಟೆ ಸದ್ದಿಲ್ಲ. ಚಪ್ಪಲಿಗಳು ಹೊಸಿಲಲ್ಲೇ ಸುಖವಾಗಿವೆ. ಕೊಳ್ಳುವಾಗ ಅಳತೆ ನೋಡಿ. ನಾಯಿಯ ಹಿಂದಿನ ಹಲ್ಲಿನವರೆಗೆ ಪೂರ್ತಿ ಒಳಗೆ ಹೋಗುವಷ್ಟು ಸಣ್ಣದು ಯಾವುದೇ ಆದರೂ ಬೇಡ.

ಅಗ್ಗದ್ದು ಕೇಳಿದರೆ ಗೆಣಸು. ಸಂತೆಯಿಂದ ತಂದು, ಬೇಯಿಸಿ, ಬೆರಳು ದಪ್ಪ ಸೀಳಿ, ತಾರಸಿಯಲ್ಲಿ ತೆಳು ಬಟ್ಟೆ ಮುಚ್ಚಿ ಎರಡು ಮೂರು ದಿನ ಒಣಗಿಸಿದರೆ ಚರ್ಮದ ಹಾಗೆ ಜಿಗುಟಾಗುತ್ತದೆ. ಉಗುರು ಇಳಿಯುತ್ತದೆ, ಕಡಿಯಲು ಹೊತ್ತೂ ಹಿಡಿಯುತ್ತದೆ. ಕ್ಯಾರೆಟ್ಟು, ಸೌತೆಕಾಯಿ ಇದ್ದೇ ಇದೆ. ಪಕ್ಕದ ಮನೆಯವರು ಭಾನುವಾರ ಪ್ರೀತಿಯಿಂದ ಬೆಂದ ಮಟನ್ ಮೂಳೆ ಎಸೆಯುತ್ತಿದ್ದರು. ಕೈಮುಗಿದು ನಿಲ್ಲಿಸಿದೆ. ಬೆಂದ ಮೂಳೆ ಸೂಜಿಯ ಹಾಗೆ ಸಿಗಿಯುತ್ತದೆ, ಕೋಳಿ ಮೂಳೆ ಇನ್ನೂ ಕೆಟ್ಟದ್ದು.

ಆರೋಗ್ಯದ ತಿಂಡಿ ಅಂತ ಎಷ್ಟು ಬೇಕಾದರೂ ಕೊಡುವ ಹಾಗಿಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ದಿನದ ಕ್ಯಾಲರಿಯಲ್ಲಿ ತಿಂಡಿಯ ಪಾಲು ಹತ್ತರಲ್ಲಿ ಒಂದು. ಆಪರೇಷನ್ ಆದ 14 ಕೆಜಿ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲರಿ ಸಾಕು, ಅಂದರೆ ತಿಂಡಿಗೆ 80. ಒಂದು ಬೆಂದ ಮೊಟ್ಟೆಗೇ 70 ಹೋಯಿತು! ಮೊಟ್ಟೆ ಕೊಟ್ಟ ದಿನ ಜರ್ಕಿ ಇಲ್ಲ, ಜರ್ಕಿ ಕೊಟ್ಟ ದಿನ ಚುರ್ಪಿ ಇಲ್ಲ. ಮಗಳು ಫ್ರಿಜ್ ಮೇಲೆ ಹಾಳೆ ಅಂಟಿಸಿದ್ದಾಳೆ, ಯಾರು ಏನು ಕೊಟ್ಟರೂ ಬರೆಯಬೇಕು.

ಬರೆಯದವಳು ಅವ್ವ ಒಬ್ಬಳೇ. ಭಾನುವಾರ ಬೆಣ್ಣೆ ದೋಸೆ ಪಾರ್ಸೆಲ್ ಬಂದರೆ ಗರಿಗರಿ ಅಂಚು ಗುಂಡಿಗೆ ಮೀಸಲು. ಒಮ್ಮೆಗೇ ಅಷ್ಟು ಕೊಬ್ಬು ತಿಂದರೆ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಬರಬಹುದು ಅಂದೆ. ಪಲ್ಯದಲ್ಲಿ, ನರ್ಗಿಸ್ ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತದೆ, ಅದು ಬೆಂದರೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ ಅಂದೆ. “ನಿನ್ನನ್ನೇನು ಪಾಕೆಟ್ ಓದಿ ಸಾಕಿದ್ನೇನೋ?” ಅಂದಳು.

ಆದರೆ ಹುಣಸೆಹಣ್ಣಿನ ವಿಷಯದಲ್ಲಿ ಅವಳೇ ಹೆದರಿದಳು. ಶಿವರಾತ್ರಿ ಹೊತ್ತಿಗೆ ಅವ್ವ, ಅಕ್ಕಪಕ್ಕದವರು ವರಾಂಡದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರೆ. ಗುಂಡಿ ನಡುವೆ ಮಲಗಿ, ಸಿಡಿದು ಬಿದ್ದದ್ದನ್ನು ನೆಕ್ಕುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ ಅಂತ ಬಹಳ ವರ್ಷದಿಂದ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ತುಂಬಿಕೊಂಡಿದೆ. ನಮ್ಮ ಡಾಕ್ಟರು ಇದನ್ನು ಹೇಳಿದ್ದು ಅವ್ವನ ಎದುರಿಗೇ. ಈ ವರ್ಷ ಹುಣಸೆ ಕುಟ್ಟುವ ಎರಡು ದಿನ ಗುಂಡಿ ತಾರಸಿಯಲ್ಲಿತ್ತು, ನೀರಿನ ಬೋಗುಣಿ ಮೇಲಕ್ಕೆ ಒಯ್ದವಳು ಅವ್ವನೇ.

ಏನೇ ಕೊಟ್ಟರೂ ನಾನು ಅಲ್ಲೇ ಕೂರುತ್ತೇನೆ. ತುಂಡು ನುಂಗುವಷ್ಟು ಸಣ್ಣದಾದಾಗ ವಾಪಸ್ ಪಡೆಯಬೇಕು. ಬಾಯಿಗೆ ಕೈ ಹಾಕಿ ಕಸಿದರೆ ಮುಂದಿನ ಸಲ ಅದು ಓಡಿಹೋಗಿ ಅವಸರದಲ್ಲಿ ನುಂಗುತ್ತದೆ. ಸೌತೆಕಾಯಿ ಹೋಳು ಮೂಗಿನ ಮುಂದೆ ಹಿಡಿದರೆ ತಾನಾಗಿಯೇ ಬಿಡುತ್ತದೆ.

ಅಂಗಡಿಗೆ ಎಷ್ಟು ಸ್ಟಾರ್ ಅಂದರೆ ನಾಲ್ಕು. ಗೊರಸಿನ ಕಥೆ ಕೇಳಿದ ಮೇಲೆ ಆ ಹುಡುಗ ವಾದ ಮಾಡಲಿಲ್ಲ, ಕೊಟ್ಟ 180 ರೂಪಾಯಿ ಕೈಗಿಟ್ಟ, ನಾನು ತಗೊಳ್ಳಲಿಲ್ಲ. ಈಗ ನನಗೆ ‘ಉಗುರಣ್ಣ’ ಅಂತ ಹೆಸರಿಟ್ಟಿದ್ದಾನೆ. ಕಳೆದ ವಾರ ಹೋದಾಗ ಕಾಲೇಜು ಹುಡುಗಿಯೊಬ್ಬಳು ಲ್ಯಾಬ್ರಡಾರ್ ಮರಿಗೆ ಏನೋ ಕೇಳುತ್ತಿದ್ದಳು. ಅವನು ಕೊಡುವ ಮೊದಲು ತಾನೇ ಹೆಬ್ಬೆರಳು ಒತ್ತಿ ನೋಡಿ, ತಲೆಯಾಡಿಸಿ, ಇನ್ನೊಂದು ತೆಗೆದ. ಗೊರಸಿನ ಡಬ್ಬ ಕಪಾಟಿನಲ್ಲಿ ಕಾಣಲಿಲ್ಲ. ಐದನೇ ಸ್ಟಾರ್ ನನ್ನ ಹತ್ತಿರವೇ ಇದೆ. ಬಾಗಿಲ ಪಕ್ಕದ ಮೂಟೆ ಇನ್ನೂ ಅಲ್ಲೇ ಬಾಯಿ ತೆರೆದುಕೊಂಡು ಕೂತಿದೆ.